ಹಸಿರು ಜಾಕೆಟ್ಟಿನಲ್ಲಿ ಬಿದ್ದವನು ಯಾರು?

ನಾನು ಬಿದ್ದೆನೋ ಇಲ್ಲವೋ, ಮೊನ್ನೆಯವರೆಗೂ ನನಗೇ ಖಾತ್ರಿಯಿರಲಿಲ್ಲ. ಬಿದ್ದಿಲ್ಲ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿ ಹೇಳಿ, ನೆನಪೂ ಹಾಗೇ ಗಟ್ಟಿಯಾಗಿಬಿಟ್ಟಿತ್ತು. (ಲ್ಯಾಬಿನಲ್ಲಿ ಪ್ರತಿಯೊಂದಕ್ಕೂ ಪುರಾವೆ ಕೇಳುವ ಆಸಾಮಿ ನಾನು!)

ಜಪಾನಿನಲ್ಲಿ ಕೊರೊನಾದ ಎರಡನೇ ಚಳಿಗಾಲ. ಸೆಂಡಾಯ್‌ನ ಫ್ಲಾಟಿನಲ್ಲಿ ಗೋಡೆ ನೋಡಿ ನೋಡಿ ಸಾಕಾಗಿತ್ತು. ನಾನು, ಹೆಂಡತಿ ಸುಮಾ, ಎಂಟು ವರ್ಷದ ಮಗಳು ಇರಾ, ಬೆಟ್ಟದ ಮೇಲಿನ ಒಂದು ಪುಟ್ಟ ಸ್ಕೀ ಹಳ್ಳಿಗೆ ಹೊರಟೆವು. ವಿದೇಶಿ ಪ್ರವಾಸಿಗರಿಲ್ಲದೆ ಹಳ್ಳಿ ಬಿಕೋ ಎನ್ನುತ್ತಿತ್ತು. ನೂಡಲ್ ಅಂಗಡಿಯವರು ನಮ್ಮನ್ನು ಮದುವೆಗೆ ಬಂದ ಬೀಗರಂತೆ ಉಪಚರಿಸಿದರು.

ಇಳಿಜಾರಿನ ಬುಡದಲ್ಲಿ ನಿಂತ ಇರಾ ಕದಲಲಿಲ್ಲ. "ಬಿದ್ರೆ ಎಲ್ರೂ ನಗ್ತಾರೆ. ಐ ವೋಂಟ್."

"ಅಪ್ಪ ತೋರಿಸ್ತೀನಿ ನೋಡು. ನಾನು ಬೀಳ್ದೆ ಇಳಿದು ಬಂದ್ರೆ ನೀನೂ ಕಲೀಬೇಕು."

"ಬಿದ್ರೆ?"

"ಬಿದ್ರೆ ಇನ್ನು ಈ ಮಾತೇ ಎತ್ತಲ್ಲ."

ಲಿಫ್ಟ್ ಹತ್ತಿ ಮೇಲೆ ಹೋದೆ. ಬಾಡಿಗೆಯ ಹಸಿರು ಜಾಕೆಟ್, ಗಾಗಲ್, ಅದರ ಕೆಳಗೆ ಮಾಸ್ಕ್. ಅಲ್ಲಿದ್ದ ಅರ್ಧ ಜನರ ವೇಷ ಇದೇ. ನಡುವೆ ಒಬ್ಬ ಹಸಿರು ಜಾಕೆಟ್ಟಿನವನು ಉರುಳುತ್ತಾ ಹೋದದ್ದು ಚೆನ್ನಾಗಿ ನೆನಪಿದೆ. ಸ್ಕೀ ಕಲಿಸುವ ಸಾತೋ-ಸಾನ್ ಎಂಬಾಕೆ ಧಾವಿಸಿ ಬಂದು "ದಾಯ್‌ಜೋಬು?" ಎಂದು ಅವನನ್ನು ವಿಚಾರಿಸಿದ್ದೂ ನೆನಪಿದೆ. (ಏನೂ ಆಗಿಲ್ಲ ತಾನೆ, ಎಂದು.) ನಾನು ಮಾತ್ರ ನೆಟ್ಟಗೆ ಕೆಳಗೆ ತಲುಪಿದ್ದೆ.

"ಏನ್ರೀ, ಬಿದ್ದಿದ್ದು ನೀವೇ!" ಎಂದಳು ಸುಮಾ.

"ಅಲ್ಲ ಕಣೇ, ಅವನ್ಯಾರೋ ಬೇರೆ."

"ಮತ್ತೆ ಕಾಲರ್ ಒಳಗೆ ಅಷ್ಟು ಹಿಮ?"

"ಗಾಳಿ!"

ಇರಾ ನಮ್ಮಿಬ್ಬರ ವಾದಕ್ಕೂ ಕಾಯಲಿಲ್ಲ. "ಅಪ್ಪ ಬಿದ್ದಿದ್ದು ಸೂಪರ್! ಯಾರೂ ನಗ್ಲೇ ಇಲ್ಲ. ನಂಗೂ ಬೀಳ್ಬೇಕು!" ಎಂದು ಸ್ಕೀ ಕಟ್ಟಿಸಿಕೊಂಡಳು. ಸಂಜೆಯವರೆಗೂ ಬಿದ್ದಳು, ಎದ್ದಳು, ಕಲಿತೇಬಿಟ್ಟಳು.

ಮನೆಗೆ ಬಂದ ಮೇಲೆ ಒಂದು ಯೋಚನೆ ಕೊರೆಯತೊಡಗಿತು. ನಾನು ಬಿದ್ದಿಲ್ಲವೆಂದಾದರೆ, ನನ್ನ ಮಗಳಿಗೆ ಧೈರ್ಯ ಕೊಟ್ಟವನು ಯಾರೋ ಅಪರಿಚಿತ! ಅದಕ್ಕಿಂತ ನಾನೇ ಬಿದ್ದಿದ್ದರೆ ವಾಸಿಯಲ್ಲವೇ?

ಮೊನ್ನೆ ಇರಾಳ ಮುಂದಿನ ಕ್ಲಾಸ್ ಬುಕ್ ಮಾಡಲು ಸಾತೋ-ಸಾನ್‌ಗೆ ಫೋನ್ ಮಾಡಿದಾಗ ಕೇಳಿಯೇಬಿಟ್ಟೆ. ಬಿದ್ದವರ ಮುಖ ಆಕೆಗೆ ಕಂಡಿರಲಿಲ್ಲ, ಮಾಸ್ಕ್ ಇತ್ತಲ್ಲ. "ಆದರೆ ದಾಯ್‌ಜೋಬು ಅಂತ ಕೇಳಿದ್ದಕ್ಕೆ ಅವರು 'ಪರವಾಗಿರಾ, ಪರವಾಗಿರಾ' ಅಂದ್ರು. ಅದು ಯಾವ ಭಾಷೆ?" (ಜಪಾನಿ ನಾಲಿಗೆಗೆ ನಮ್ಮ 'ಲ' ಹೊರಳುವುದಿಲ್ಲ.)

ಖಚಿತವಾಯಿತು: ಅಂದು ಆ ಬೆಟ್ಟದಲ್ಲಿ ಕನ್ನಡದಲ್ಲಿ ಬಿದ್ದವನು ನಾನೊಬ್ಬನೇ.