ಚುಕ್ಕಿ ಮುಖದ ಹೆಂಗಸು

ಕೊಪ್ಪಳ ಜಿಲ್ಲೆಯಾಗಿ ನಾಲ್ಕೈದು ವರ್ಷ ಕಳೆದಿತ್ತು. ನಾನಾಗ ಅಲ್ಲಿನ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರ್. ಒಂದು ಮಧ್ಯಾಹ್ನ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆ ತಿರುವುತ್ತಿದ್ದಾಗ ಚಿತ್ರವೊಂದು ಕಣ್ಣಿಗೆ ಬಿತ್ತು. ಮಕ್ಕಳ ಚಿತ್ರಕಥೆಯ ಒಂದೇ ಚೌಕವನ್ನು ಗೋಡೆಯಷ್ಟು ಹಿಗ್ಗಿಸಿದಂತಿತ್ತು. ದಪ್ಪ ಕಪ್ಪು ಗೆರೆ, ಮುಖದ ತುಂಬ ಕೆಂಪು ಚುಕ್ಕೆ, ತಲೆಯ ಮೇಲೆ ಮಾತಿನ ಗುಳ್ಳೆ, ಪಕ್ಕದಲ್ಲಿ ಸಿಡಿದಂಥ ಅಕ್ಷರ. ಕೆಳಗೆ ಪರದೇಶದ ಕಲಾವಿದನೊಬ್ಬನ ಹೆಸರು, ಪಕ್ಕದಲ್ಲಿ ‘ಸಿಲ್ಕ್ ಸ್ಕ್ರೀನ್’, ಅಂದರೆ ಬಿಗಿದ ಬಟ್ಟೆಯ ಮೂಲಕ ಬಣ್ಣ ಇಳಿಸಿದ ಅಚ್ಚು, ಎಂದಿತ್ತು. ಗಂಗಾವತಿಯಲ್ಲಿ ಮದುವೆ ಪತ್ರಿಕೆ, ಅಕ್ಕಿ ಚೀಲ ಅಚ್ಚು ಹಾಕುವುದೂ ಹಾಗೆಯೇ ಅಲ್ಲವೇ?

ಗ್ರಂಥಾಲಯದವರನ್ನು ಕೇಳಿ ಪತ್ರಿಕೆ ಪಡೆದು, ಭಾನುವಾರ ಗಂಗಾವತಿಯ ಬಸ್ಸು ಹತ್ತಿದೆ. ಎಲ್ಲರೂ ಚಾಚಾ ಎನ್ನುತ್ತಿದ್ದ ಅಚ್ಚಿನ ಅಂಗಡಿಯವರು ಅರವತ್ತು ದಾಟಿದವರು. ಹರೆಯದಲ್ಲಿ ಅಂಗಡಿಗಳ ಬೋರ್ಡು ಬರೆದವರು. ಪತ್ರಿಕೆಯ ಹಾಳೆಯನ್ನು ಬಹಳ ಹೊತ್ತು ನೋಡಿದರು.

“ಇದು ಯಾವ ಅಂಗಡಿದ್ರಿ ಅಕ್ಕೋರ?”

“ಅಂಗಡಿದಲ್ಲ ಚಾಚಾ, ಸುಮ್ಮನ ನೋಡಾಕ. ಈ ಚುಕ್ಕಿ ಹೆಂಗ ಬರ್ತಾವ?”

ಅವರು ಭೂತಗನ್ನಡಿ ತಂದು ಅಂದಿನ ಪೇಪರಿನ ಫೋಟೊ ಮೇಲಿಟ್ಟರು. ಫೋಟೊದೊಳಗಿನ ಮುಖ ಮಾಯವಾಗಿ ಬರೀ ಚುಕ್ಕೆಗಳಾದವು.

“ನೋಡ್ರಿ, ಎಲ್ಲಾ ಚುಕ್ಕಿನ. ನಾವು ಕಾಣಬಾರದು ಅಂತ ಸಣ್ಣವು ಮಾಡ್ತೀವಿ. ಈ ಮನಷ್ಯಾ ಕಾಣ್ಲಿ ಅಂತ ದೊಡ್ಡವು ಮಾಡ್ಯಾನ.”

ಆ ಮಾತಿನಿಂದ ನಮ್ಮಿಬ್ಬರಿಗೂ ಅಂಥದೊಂದು ಚಿತ್ರ ಮಾಡುವ ಹುಚ್ಚು ಹಿಡಿಯಿತು. ಮುಂದಿನ ವಾರ ನಾನು ಮೂಗುತಿಯ ಹೆಂಗಸೊಬ್ಬಳ ಮುಖ ಬರೆದೊಯ್ದೆ. ಕೆನ್ನೆಯ ಮೇಲೆ ದೊಡ್ಡ ಕಣ್ಣೀರ ಹನಿ, ತಲೆಯ ಮೇಲೆ ಮಾತಿನ ಗುಳ್ಳೆ. ಅಷ್ಟು ದಪ್ಪ ಚುಕ್ಕೆ ಸಾಲಾಗಿ ಬರಬೇಕಲ್ಲ? ಚಾಚಾ ಅಂಗಡಿಯ ಹಿಂದಿನ ಮನೆಯಿಂದ ಜೋಳ ಸಾಣಿಸುವ ತಗಡಿನ ಜರಡಿ ತಂದರು. ಟ್ರೇಸಿಂಗ್ ಹಾಳೆಯ ಮೇಲಿಟ್ಟು ತೂತುಗಳ ಮೇಲೆ ಕುಂಚದಿಂದ ಕಪ್ಪು ಕುಟ್ಟಿದರು. ಅಷ್ಟರಲ್ಲಿ ಅವರ ಹೆಂಡತಿ ಬಾಗಿಲಿಗೆ ಬಂದರು.

“ಏನ್ರಿ, ನನ್ನ ಜರಡಿಗಿ ಮಸಿ ಬಳದೀರಿ?”

ಚಾಚಾ ಕುಂಚ ಕೆಳಗಿಟ್ಟರು. ಚಾಚಿ ಬಗ್ಗಿ ಚಿತ್ರ ನೋಡಿದರು.

“ಈಕಿ ಯಾಕ ಅಳಾಕತ್ತಾಳ್ರಿ?”

ಅವಳ ಅಳುವಿಗೆ ಕಾರಣವನ್ನು ನಾನಿನ್ನೂ ಹುಡುಕುತ್ತಿದ್ದೆ. ಮಾತಿನ ಗುಳ್ಳೆ ಖಾಲಿ ಉಳಿದದ್ದೂ ಅದಕ್ಕೇ.

“ಅಳಾಕತ್ತಿಲ್ಲ ಬಿಡ್ರಿ. ಉಳ್ಳಾಗಡ್ಡಿ ಹೆಚ್ಚಾಕತ್ತಿರಬೇಕು,” ಎಂದು ಜರಡಿ ಕಸಿದುಕೊಂಡು ಹೋದರು.

ಈರುಳ್ಳಿಯ ಆ ನೆವಕ್ಕೆ ನಕ್ಕು ಸಾಕಾದ ಮೇಲೆ ಚಾಚಾ ಗುಳ್ಳೆಯೊಳಗೆ ಬರೆದರು: ‘ಅಳಾಕತ್ತಿಲ್ರಿ, ಉಳ್ಳಾಗಡ್ಡಿ!’ ಮೂಲೆಯಲ್ಲಿ ಈಳಿಗೆಯ ಸದ್ದು, ‘ಕಚಕ್’, ಅಂಚು ಚೂಪಾದ ಓರೆ ಅಕ್ಷರಗಳಲ್ಲಿ. ಬಣ್ಣಕ್ಕೊಂದರಂತೆ ಚೌಕಟ್ಟಿಗೆ ಬಿಗಿದ ಬಟ್ಟೆಗಳಿಗೆ ಚಿತ್ರ ಇಳಿಸಿ, ಅಡಿಯಲ್ಲಿ ಹಾಳೆಯಿಟ್ಟು, ಬಟ್ಟೆಯ ಮೇಲೆ ರಬ್ಬರ್ ಪಟ್ಟಿಯಿಂದ ಮೊದಲು ಹಳದಿ ಎಳೆದೆವು, ಅದು ಒಣಗಿದ ಮೇಲೆ ಕೆಂಪು. ಆವರೆಗೂ ಅದು ಮುಖವೆಂದು ಯಾರೂ ಹೇಳುವಂತಿರಲಿಲ್ಲ. ಕೊನೆಗೆ ಕಪ್ಪು ಎಳೆದು ಚೌಕಟ್ಟು ಎತ್ತಿದಾಗ ಅವಳು ತಟ್ಟನೆ ಎದ್ದು ಬಂದಳು. “ಅರೇ!” ಎಂದರು ಚಾಚಾ. ನಲವತ್ತು ವರ್ಷ ಅಚ್ಚು ಹಾಕಿದ ಮನುಷ್ಯ.

ಒಂದು ಹಾಳೆಯನ್ನು ಶಾಲೆಯ ಗೋಡೆಗೆ ಹಚ್ಚಿದೆ. ಹುಡುಗಿಯರು ಮೂಗು ತಾಗುವಷ್ಟು ಹತ್ತಿರ ಹೋಗಿ ಚುಕ್ಕೆ ನೋಡುವರು, ಹಿಂದೆ ಸರಿದು ಮುಖ ನೋಡುವರು, ಮತ್ತೆ ಹತ್ತಿರ ಹೋಗುವರು. ಇನ್ನೊಂದನ್ನು ಚಾಚಾ ಅಂಗಡಿಯಲ್ಲಿ ತೂಗುಹಾಕಿದರು. ಅದನ್ನು ಕಂಡ ಅಕ್ಕಿ ಗಿರಣಿಯವರೊಬ್ಬರು ತಮ್ಮ ಚೀಲಕ್ಕೂ ಅಂಥ ಅಕ್ಷರ ಕೇಳಿದರಂತೆ.

ಮತ್ತೊಂದು ಭಾನುವಾರ ಹೋದಾಗ ಚಾಚಾ ಅಂಗಡಿ ಮುಚ್ಚಿ ನನಗಾಗಿ ಕಾಯುತ್ತಿದ್ದರು.

“ಅಕ್ಕೋರ, ಮುಂದಿನ ಚಿತ್ರದಾಗ ಕಾಲುವಿ ನೀರಿನ ಸಪ್ಪಳ ಯಾವ ಅಕ್ಷರದಾಗ ಬರೀಬೇಕ್ರಿ? ಬರ್ರಿ, ಕೇಳೂಣು.”

ಇಬ್ಬರೂ ಊರಂಚಿನ ಕಾಲುವೆಯ ದಂಡೆಗೆ ಹೋಗಿ ನಿಂತೆವು. ನನಗೆ ‘ಧೋ’ ಎಂದು ಕೇಳಿತು. ಅವರು ಕಣ್ಣು ಮುಚ್ಚಿ ತಲೆಯಾಡಿಸಿದರು. “ಅಲ್ರಿ, ‘ಘೋ’ ಐತಿ.”