ಶನಿಯ ಆಚೆ ಹೋದ ನಮ್ಮ ಅಳಿಯ

ಬಾಗಿಲು ದಾಟುವಾಗ ತಲೆ ಬಗ್ಗಿಸುವಷ್ಟು ಎತ್ತರದ ಮನುಷ್ಯ ನಮ್ಮ ಬಸವರಾಜರು. ಅಂಥವರು ಕಂಪ್ಯೂಟರ್ ಮುಂದೆ ಕೂತರೆ ಮೊದಲು ನನ್ನ ಚಾಪೆಯ ಅಂಚನ್ನು ತಮ್ಮ ಕುರ್ಚಿಯ ಕಾಲಿನ ಕೆಳಗೆ ಸಿಕ್ಕಿಸಿಕೊಳ್ಳುತ್ತಿದ್ದರು, ನಾನು ಎದ್ದು ಹೋಗಬಾರದೆಂದು.

"ಅಜ್ಜೀ, ಇಲ್ಲೇ ಕುಂದರ್ರಿ. ನನಗ ಭಾಳ ಅಂಜಿಕಿ ಬರ್ತೈತಿ."

ನನ್ನ ಮೊಮ್ಮಗಳು ಸುನಂದಾಳ ಗಂಡ ಅವರು, ಬೀದರ ಕಡೆಯವರು. ಪಟಾನ್‌ಚೆರುವಿನ ಔಷಧದ ಕಾರ್ಖಾನೆಯಲ್ಲಿ ಕೆಲಸ. ಬಸ್ಸಿಳಿದು ಬಂದರೆ ಅಂಗಿಯೆಲ್ಲ ಗುಳಿಗೆಯ ವಾಸನೆ. ಸುನಂದಾಳಿಗೆ ಬೇಗಂಪೇಟೆಯ ಆಫೀಸಿನಲ್ಲಿ ಮಧ್ಯಾಹ್ನದ ಪಾಳಿ. ಹಾಗಾಗಿ ಸಂಜೆ ಮನೆಯಲ್ಲಿ ಇರುತ್ತಿದ್ದವರು ನಾವಿಬ್ಬರೇ. ಅಳಿಯನ ಎದುರು ಕುರ್ಚಿಯಲ್ಲಿ ಕೂತವಳಲ್ಲ ನಾನು. ತಲೆ ಮೇಲೆ ಸೆರಗು ಹೊದ್ದು, ಚಾಪೆಯ ಮೇಲೆ ಕೂತೇ ಭೂತಗಳನ್ನೆಲ್ಲ ನೋಡಿದೆ!

ಕಂಪ್ಯೂಟರಿನ ಆ ಭೂತದ ಆಟಕ್ಕಾಗಿ ಅವರು ಎರಡು ವರ್ಷ ಕಾದಿದ್ದರು. ಪತ್ರಿಕೆಯಲ್ಲಿ ಬಂದ ಅದರ ಚಿತ್ರ ಕತ್ತರಿಸಿ ದೇವರ ಗೂಡಿನ ಪಕ್ಕ ಅಂಟಿಸಿದ್ದರು. ಊಟಕ್ಕೆ ಕೂತರೂ ಅದೇ ಮಾತು.

"ಸಿನಿಮಾಕ್ಕಿಂತ ಜಾಸ್ತಿ ರೊಕ್ಕ ಸುರುವ್ಯಾರ್ರೀ ಅಜ್ಜಿ. ಶನಿ ಗ್ರಹದ ಆಚೆ ಒಂದು ಆಕಾಶದ ಹಡಗು ಕೆಟ್ಟು ನಿಂತೈತಿ. ಒಳಗ ಒಬ್ಬಾಕಿ ಡಾಕ್ಟರ್ ಸಿಕ್ಕೊಂಡಾಳ. ಆಕೀನ ಮನಿಗೆ ಕರ್ಕೊಂಡು ಬರಬೇಕು."

"ಶನಿ ಕಾಡಬಾರದಂತ ನಾ ವಾರಾ ವಾರಾ ಎಣ್ಣಿ ಹಾಕ್ತೀನಿ. ನೀವು ನೋಡಿದ್ರ ಅವನ ಮನಿಗೇ ಹೊಂಟೀರಿ!"

ಸಿಡಿ ಬಂದ ದಿನ ಸ್ನಾನ ಮಾಡಿ, ಕಂಪ್ಯೂಟರಿಗೆ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿದರು. ಆ ಕಂಪ್ಯೂಟರ್ ನಮ್ಮದಲ್ಲ. ಅವರ ತೆಲುಗು ಗೆಳೆಯ ನರಸಿಂಹ ಊರಿಗೆ ಹೋಗುವಾಗ ಒಂದು ವಾರಕ್ಕೆಂದು ಕೊಟ್ಟದ್ದು. ಭಾನುವಾರ ಸಂಜೆ ಬಂದು ಒಯ್ಯುವವನಿದ್ದ. ಅಷ್ಟರೊಳಗೆ ಡಾಕ್ಟರಮ್ಮ ಮನೆ ಮುಟ್ಟದಿದ್ದರೆ ಎರಡು ವರ್ಷ ಕಾದದ್ದು ಅರ್ಧಕ್ಕೇ ನಿಲ್ಲುತ್ತಿತ್ತು.

ಆದರೆ ಎಂಥಾ ಅಂಜಿಕೆ ಅದು! ಕತ್ತಲ ಓಣಿಯಂಥ ದಾರಿ, ಎಲ್ಲಿಂದಲೋ ಉಸಿರಾಡುವ ಸದ್ದು. ಬಸವರಾಜರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು, "ಬಂತೇನ್ರೀ ಅಜ್ಜಿ?"

"ಎಡಕ್ಕ ಐತ್ರಿ, ಎಡಕ್ಕ! ಕಣ್ಣು ತೆಗೀರಿ!"

ನನಗೂ ಅಂಜಿಕೆಯೇ. ಆದರೂ ಮೂರನೇ ದಿನಕ್ಕೆ ನಾನೇ ಮೊದಲು ಚಾಪೆ ಹಾಸಿ ಅವರ ಬಸ್ಸಿಗೆ ಕಾಯತೊಡಗಿದೆ. ಸುನಂದಾ ನಗುತ್ತಿದ್ದಳು: "ಹುಲಿಯಂಥ ವರ ಅಂದಿದ್ದಿ ಅಜ್ಜಿ, ಇವರಿಗೆ ಹಲ್ಲಿ ಕಂಡ್ರೂ ಅಂಜಿಕಿ."

ನನ್ನದೊಂದೇ ಕಟ್ಟಳೆ. ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿ ಕೊಲೆ ಕೂಡದು. "ನಿಲ್ಲಸ್ರಿ, ಲಕ್ಷ್ಮಿ ಬರೋ ಹೊತ್ತು" ಅಂದರೆ ಸಾಕು, ಆಟವನ್ನು ಇದ್ದಲ್ಲಿಗೇ ಸೇವ್ ಮಾಡಿ ಬಂದು ಕೈಮುಗಿಯುತ್ತಿದ್ದರು. ಬೇರೆ ಹೊತ್ತಿನಲ್ಲಿ ಅಂಜಿಕೆಗೆ ಸೇವ್ ಮಾಡುವುದೇ ಅವರಿಗೆ ಮರೆತುಹೋಗುತ್ತಿತ್ತು.

ಭಾನುವಾರ ದೀಪ ಹಚ್ಚಿ ಮತ್ತೆ ಬಂದು ಕೂತೆವು. ಡಾಕ್ಟರಮ್ಮ ಸಿಕ್ಕೇಬಿಟ್ಟಳು. ಬಾಗಿಲಿಗೆ ಇನ್ನು ಹತ್ತು ಹೆಜ್ಜೆ. ಮೇಲಿಂದ ಅದು ಬಿತ್ತು, ಬಾಯಿ ತೆರೆದುಕೊಂಡು, ನೇರ ಬಸವರಾಜರ ಮುಖಕ್ಕೆ. "ಅಯ್ಯೋ, ನಮ್ಮ ಸುನಂದಾನ ಗಂಡ!" ಎಂದು ಚೀರಿ ವೈರು ಕಿತ್ತೇಬಿಟ್ಟೆ.

ಪರದೆ ಕಪ್ಪಾಯಿತು. ಬಾಗಿಲಲ್ಲಿ ನರಸಿಂಹ ಬಂದು ನಿಂತಿದ್ದ. ಬಸವರಾಜರು ಬೈಯಲಿಲ್ಲ. "ಎಲ್ಲಾ ಹೋತ್ರಿ," ಎಂದರು ಮೆಲ್ಲಗೆ. ಭೂತಕ್ಕಿಂತ ಆ ದನಿಗೇ ನಾನು ಹೆಚ್ಚು ಹೆದರಿದೆ.

"ದೀಪದ ಹೊತ್ತಿನ್ಯಾಗ ಸೇವ್ ಮಾಡಿದ್ರಲ್ರೀ?"

ನನ್ನ ಮುಖವನ್ನೇ ನೋಡಿದರು. ಆಮೇಲೆ ಜಿಗಿದು ಗೆಳೆಯನ ಕೈ ಹಿಡಿದೆಳೆದು, ಅವನ ತೆಲುಗಿನಲ್ಲೇ ಕೂರಲು ಹೇಳಿದರು. "ಕೂರ್ಚೋ ರಾ! ಅರ್ಧ ತಾಸು!"

ನರಸಿಂಹನನ್ನು ವೈರಿನ ಕಾವಲಿಗೆ ಕೂರಿಸಿದರು. ಈ ಸಲ ಸೆರಗನ್ನು ಬಾಯಿಗೆ ತುರುಕಿಕೊಂಡು ಸುಮ್ಮನಿದ್ದೆ. ಡಾಕ್ಟರಮ್ಮ ಭೂಮಿ ಮುಟ್ಟಿದಳು! ಬಸವರಾಜರು ನನ್ನ ಕಾಲಿಗೆ ಬಿದ್ದರು. ನಾನು ಓಣಿಗೆಲ್ಲ ಸಕ್ಕರೆ ಹಂಚಿದೆ. ಏನು ವಿಶೇಷ ಎಂದು ಕೇಳಿದವರಿಗೆ ಏನು ಹೇಳಲಿ?

ಈಗ ಅವರಿಲ್ಲಿಲ್ಲ. ಕಾರ್ಖಾನೆಯವರು ವಿಶಾಖಪಟ್ಟಣಕ್ಕೆ ಕಳಿಸಿದರು, ಸುನಂದಾಳೂ ಜೊತೆಗೆ ಹೋದಳು. ನಾನು ಇಲ್ಲೇ ಮಗಳ ಮನೆ ಸೇರಿದೆ. ಮೊನ್ನೆ ಮಧ್ಯಾಹ್ನ ಫೋನು.

"ಅಜ್ಜೀ, ಎರಡನೇ ಭಾಗ ಬಂತ್ರಿ! ಫೋನು ಕಂಪ್ಯೂಟರಿನ ಬಾಜೂಕ ಇಟ್ಟೀನಿ. ಕುಂತ್ರ್ಯಾ?"

ಸೆರಗು ತಲೆಗೆಳೆದು ಚಾಪೆ ಹಾಸಿದೆ. ಫೋನಿನೊಳಗೆ ಅದೇ ಉಸಿರಾಟದ ಸದ್ದು. ಅಂಜಿಕೆಯಲ್ಲೂ ಬಾಯಿ ತುಂಬ ನಗು. ಫ್ಯಾನಿನ ಗಾಳಿಗೆ ಚಾಪೆಯ ಅಂಚು ಏಳುತ್ತಿತ್ತು. ಅದರ ಮೇಲೆ ನಾನೇ ಕಾಲಿಟ್ಟು ಒತ್ತಿ ಹಿಡಿದೆ.

"ಕುಂತೀನ್ರಿ," ಅಂದೆ. "ನಡೀರಿ."