ಹಲಸಿನ ಮರದ ಮೊಳೆ

ಮನೆ ಕಟ್ಟಿಸುವವರಿಗೆ ನಿದ್ದೆ ಬರುವುದಿಲ್ಲ ಎನ್ನುತ್ತಾರೆ. ನನಗೆ ಅದಕ್ಕೆ ಮೊದಲೂ ಸರಿಯಾಗಿ ಬರುತ್ತಿರಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಹೊಳೆನರಸೀಪುರದ ನಮ್ಮ ಹೆಂಚಿನ ಮನೆ ಕೆಡವಿ, ಅದೇ ಜಾಗದಲ್ಲಿ ಹೊಸ ಮನೆಗೆ ಪಾಯ ತೆಗೆಸಿದಾಗ ಆಗಿದ್ದು ಇಷ್ಟೇ: ಅಲ್ಲಿಯವರೆಗೆ ಅಲೆದಾಡಿಕೊಂಡಿದ್ದ ನನ್ನ ಅನುಮಾನಗಳಿಗೆ ಒಂದು ಉದ್ಯೋಗ ಸಿಕ್ಕಿತು. ಗಾರೆ ಮೇಸ್ತ್ರಿ ಹಾಡು ಗುನುಗಿದರೆ ಇವನಿಗೆ ಇಷ್ಟು ಸಂತೋಷ ಯಾಕೆ ಎಂದು ಅನುಮಾನ. ಸುಮ್ಮನೆ ಕೆಲಸ ಮಾಡಿದರೆ ಏನೋ ಮುಚ್ಚಿಡುತ್ತಿದ್ದಾನೆ ಎಂದು ಅನುಮಾನ. ಹೈಸ್ಕೂಲಿನಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದವನು ನಾನು. ಪುರಾವೆ ಇಲ್ಲದೆ ಯಾವುದನ್ನೂ ನಂಬಬಾರದು ಎಂದು ತರಗತಿಯಲ್ಲಿ ಹೇಳಿ ಹೇಳಿ ಆ ರೋಗ ಮನೆಗೂ ಬಂದಿತ್ತು.

ಇವೆಲ್ಲಕ್ಕಿಂತ ದೊಡ್ಡ ಅನುಮಾನ ನನ್ನನ್ನು ಹಿಡಿದದ್ದು ಒಂದು ಹಲಸಿನ ಮರದ ವಿಷಯದಲ್ಲಿ.

ಮರ ಹಿತ್ತಲಿನಲ್ಲಿತ್ತು. ಅವ್ವ ಮದುವೆಯಾಗಿ ಬಂದ ಹೊಸತರಲ್ಲಿ ತಾನೇ ಹಣ್ಣು ತಿಂದು ನೆಟ್ಟ ಬೀಜದ್ದು. ಮರ ತಕ್ಕಷ್ಟು ದಪ್ಪವಾದ ಮೇಲೆ ಅಪ್ಪ ಅದಕ್ಕೊಂದು ಮೊಳೆ ಹೊಡೆದು ಅವ್ವನಿಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿಕೊಟ್ಟಿದ್ದರು. ಅಪ್ಪ ಹೋದರು, ಮರ ಬೆಳೆದು ಮೊಳೆಯ ತಲೆಯನ್ನೂ ನುಂಗಿತು. ಅವ್ವ ಹಗ್ಗವನ್ನು ಕಾಂಡಕ್ಕೇ ಸುತ್ತಿ ಬಟ್ಟೆ ಹಾಕುತ್ತಿದ್ದಳು. ಹೊಸ ಮನೆಯ ಅಡುಗೆಮನೆ ಸರಿಯಾಗಿ ಆ ಮರ ನಿಂತ ಕಡೆಗೇ ಬಂತು. ನಾನು ನಕ್ಷೆಯನ್ನು ಹಿಂದೆ ಮುಂದೆ ಎಳೆದು ನೋಡಿದೆ. ಆಗಲಿಲ್ಲ.

"ಕಡ್ಸು" ಎಂದಳು ಅವ್ವ, ನಾನು ಕೇಳುವುದಕ್ಕೆ ಮೊದಲೇ. "ಆದ್ರೆ ಸೌದೆಗೆ ಆಕ್ಬ್ಯಾಡ ಕಣ್ಲಾ. ನಾನು ದಿನಾ ಮುಟ್ಟಂಗೆ ಮನ್ಯಾಗೇ ಇರ್ಬೇಕು."

"ಮುಂಬಾಗಿಲ ಚೌಕಟ್ಟಿಗೇ ಹಾಕಿಸ್ತೀನಿ ಅವ್ವಾ" ಎಂದೆ. ಅವ್ವ ಏನೂ ಹೇಳಲಿಲ್ಲ. ಸಂತೋಷಕ್ಕೆ ಮಾತು ಬರಲಿಲ್ಲ ಎಂದುಕೊಂಡೆ.

ಮರ ಬಿದ್ದ ಮೇಲೆ ನೋಡಿದರೆ ತಿರುಳು ಅರ್ಧ ಕೊಳೆತು ಲಡ್ಡಾಗಿತ್ತು. ಒಂದೇ ಒಂದು ಚೌಕಟ್ಟಿಗಾಗುವಷ್ಟು ಒಳ್ಳೆಯ ಮರ. ನಮ್ಮೂರಿನ ಮಿಲ್ಲಿನಲ್ಲಿ ಮರ ಬದಲಾಗುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಅಂದಿದ್ದರು. ಅದಕ್ಕೆ ಚನ್ನರಾಯಪಟ್ಟಣದ ಮಿಲ್ಲಿಗೆ ಸಾಗಿಸಿ, ಗರಗಸದ ಪಕ್ಕದಲ್ಲೇ ನಿಂತೆ. ನಡುವೆ ಕಿರ್ರೆಂದು ಕಿಡಿ ಹಾರಿತು. ಅಪ್ಪನ ಮೊಳೆ!

"ಯೋವ್, ಮರ ತಂದಿದೀರೋ ಗುಜ್ರಿ ತಂದಿದೀರೋ?" ಎಂದು ಮಿಲ್ಲಿನವನು ಗರಗಸ ನಿಲ್ಲಿಸಿ ನನ್ನ ಮೇಲೆ ಹಾರಿಬಿದ್ದ. ನಾನು ಬೈಸಿಕೊಳ್ಳುತ್ತಲೇ ಒಳಗೊಳಗೆ ಹಿಗ್ಗಿದೆ. ಮೊಳೆಯ ಅರ್ಧ ಭಾಗ ತುಂಡಾಗಿ ಮರದೊಳಗೇ ಉಳಿದಿತ್ತು. ಅದರ ಸುತ್ತ ತುಕ್ಕು ಕುಡಿದ ಹಲಸು ಕಣ್ಣಿನ ಆಕಾರಕ್ಕೆ ಕಪ್ಪಾಗಿತ್ತು. ಇಂಥ ಗುರುತು ಇರುವ ಮರವನ್ನು ಯಾವ ಮಗ ಬದಲಾಯಿಸುತ್ತಾನೆ ನೋಡೋಣ ಎಂದುಕೊಂಡೆ. ಆದರೂ ಇರಲಿ ಎಂದು ಪ್ರತಿ ತುಂಡಿನ ಕೊನೆಗೂ ಇಂಕ್ ಪೆನ್ನಿನಲ್ಲಿ ಸಹಿ ಹಾಕಿದೆ.

ಚೌಕಟ್ಟು ಮಾಡುವ ಕೆಲಸ ಅರಕಲಗೂಡಿನ ಆಚಾರರಿಗೆ ಕೊಟ್ಟೆವು. ಅಲ್ಲೇ ಇರುವ ಚಿಕ್ಕಮ್ಮ, ಎಂದರೆ ಅವ್ವನ ತಂಗಿ, ತನ್ನ ಮನೆಯ ಬಾಗಿಲೆಲ್ಲ ಅವರದೇ ಕೆಲಸ ಎಂದು ಹೇಳಿ ಒಪ್ಪಿಸಿದ್ದಳು. ಮರ ಇಳಿಸಿ ಬಂದ ಮೇಲೆ ನನಗೆ ಸಮಾಧಾನವಿಲ್ಲ. ಭಾನುವಾರ ಬಂದರೆ ಅರಕಲಗೂಡಿನ ಬಸ್ಸು. ಆಚಾರರು ನನ್ನನ್ನು ಕಂಡೊಡನೆ ಉಳಿ ಕೆಳಗಿಡುತ್ತಿದ್ದರು. ಅದೂ ಒಂದು ಅನುಮಾನ.

"ನನ್ನ ಸಹಿ ಎಲ್ಲಿ ಆಚಾರ್ರೇ?"

"ತುದಿ ಕುಯ್ದು ಅಳ್ತೆಗೆ ತಗೋಬೇಕಲ್ಲಾ ಸಾ. ಸೈ ಎಲ್ಲಾ ಒಲೆಗೆ ಓಯ್ತು."

"ಮತ್ತೆ ಆ ಕರೀ ಕಲೆ?"

ಆಚಾರರು ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ನೋಡಿ ಮತ್ತೆ ಸಿಕ್ಕಿಸಿದರು. "ಅದು ಗ್ವಾಡೆ ಕಡೀಕೆ ಓಯ್ತದೆ ಸಾ. ಮುಂಬಾಗ್ಲಲ್ಲಿ ಕಲೆ ಕಂಡ್ರೆ ನೋಡ್ದೋರು ಏನಂತಾರೆ?" ಮಾತು ಸರಿಯಾಗಿಯೇ ಇತ್ತು. ಆದರೆ ನನ್ನ ಮುಖ ನೋಡಿ ಹೇಳಲಿಲ್ಲ.

ಅವರ ಪಕ್ಕದ ಅಂಗಡಿಯ ಫೋನಿಗೆ ಎಸ್‌ಟಿಡಿ ಬೂತಿನಿಂದ ಕರೆ ಮಾಡಿದರೆ ಆಚಾರರು ಸದಾ ಊಟಕ್ಕೆ ಹೋಗಿರುತ್ತಿದ್ದರು. ಒಬ್ಬ ಮನುಷ್ಯ ದಿನಕ್ಕೆ ಎಷ್ಟು ಸಲ ಊಟ ಮಾಡಬಹುದು? ಮರ ಇಳಿಸಿದ ವಾರವೇ ಒಮ್ಮೆ ಹೋಗಿಬಂದಿದ್ದ ಅವ್ವ, ಮತ್ತೆ ಚಿಕ್ಕಮ್ಮನನ್ನು ನೋಡಿಬರುತ್ತೇನೆಂದು ಅರಕಲಗೂಡಿಗೆ ಹೊರಟಳು. ಆಚಾರರ ಕೊಟ್ಟಿಗೆ ಕಡೆ ಒಂದು ಕಣ್ಣು ಹಾಕಿ ಬಾ ಎಂದೆ. "ನಂಗ್ಯಾಕಪ್ಪಾ ನಿನ್ ಯವಾರ" ಎಂದು ಹೋದವಳು, ಚೀಲದ ತುಂಬ ಹಸಿ ಶುಂಠಿ ಹಿಡಿದು ನಗುನಗುತ್ತ ಬಂದಳು. ಊರಿನವರನ್ನೆಲ್ಲ ಅನುಮಾನಿಸುತ್ತಿದ್ದ ನಾನು ಆ ಶುಂಠಿಯನ್ನು ಮಾತ್ರ ಅನುಮಾನಿಸಲಿಲ್ಲ.

ಬಾಗಿಲು ನಿಲ್ಲಿಸುವ ದಿನ ಬೆಳಿಗ್ಗೆ ಟೆಂಪೋದಲ್ಲಿ ಚೌಕಟ್ಟು ಬಂತು. ಗೋಡೆಗೆ ತಾಗುವ ಮೈಯನ್ನೆಲ್ಲ ಡಾಂಬರು ಬಳಿದು ಕಪ್ಪಗೆ ಮಾಡಿದ್ದರು. ಗೆದ್ದಲು ಹಿಡಿಯಬಾರದೆಂದು ಎಲ್ಲರೂ ಬಳಿಯುತ್ತಾರೆ, ನನಗೂ ಗೊತ್ತು. ಆದರೆ ನನ್ನ ಗುರುತು ಇರಬೇಕಾದ ಮೈಯೇ ಕಪ್ಪಾಗಿತ್ತಲ್ಲ! ಹೊರಮೈ ಹಳದಿಯಾಗಿಯೇ ಇತ್ತು, ಆದರೆ ಹಲಸಿನ ಹಳದಿಯೋ ಇನ್ನೊಂದರದೋ? ಹೆಂಡತಿಯನ್ನು ಕರೆದು ತೋರಿಸಿದೆ.

"ಅರಿಸಿನ ಹಚ್ಚಿದ ಮೇಲೆ ಎಲ್ಲಾ ಒಂದೇ ಥರ ಕಾಣುತ್ತೆ ಬಿಡಿ" ಎಂದು ಅರಿಸಿನದ ಬಟ್ಟಲು ನನ್ನ ಕೈಗೇ ಕೊಟ್ಟಳು.

ಇಂಥ ಸಂದರ್ಭ ಬರಬಹುದೆಂದು ಶಾಲೆಯ ಪ್ರಯೋಗಶಾಲೆಯಿಂದ ಲಾಳದ ಆಕಾರದ ಅಯಸ್ಕಾಂತ ತಂದು ಜೇಬಿನಲ್ಲಿಟ್ಟುಕೊಂಡಿದ್ದೆ. ಮರದೊಳಗೆ ಅಪ್ಪನ ಮೊಳೆ ಇದ್ದರೆ ಹಿಡಿಯಲೇಬೇಕು. ಪುರೋಹಿತರು ಮಂತ್ರ ಹೇಳುತ್ತಿದ್ದರು, ಹೊಸಿಲ ಕೆಳಗೆ ನವಧಾನ್ಯ ಬೀಳುತ್ತಿತ್ತು. ನಾನು ಒಂದು ಕೈಯಲ್ಲಿ ಅರಿಸಿನ ಬಳಿಯುತ್ತ ಇನ್ನೊಂದು ಕೈಯಲ್ಲಿ ಅಯಸ್ಕಾಂತವನ್ನು ಚೌಕಟ್ಟಿನ ಹಿಂಬದಿಗೆ ಆಡಿಸಿದೆ. ಟಕ್ ಎಂದು ಹಿಡಿಯಿತು. ಜೀವ ತಣ್ಣಗಾಯಿತು. ಸ್ವಲ್ಪ ಕೆಳಗೆ ಆಡಿಸಿದೆ. ಅಲ್ಲಿಯೂ ಟಕ್. ಎದುರಿನ ಕಂಬಕ್ಕೆ ಹೋದೆ. ಅಲ್ಲಿಯೂ ಟಕ್! ಬಗ್ಗಿ ನೋಡಿದರೆ ಚೌಕಟ್ಟನ್ನು ಗೋಡೆಗೆ ಕಚ್ಚಿಸಲು ಅಲ್ಲಲ್ಲಿ ಕಬ್ಬಿಣದ ಪಟ್ಟಿ ಬಿಗಿದಿದ್ದರು. ಇಷ್ಟು ಕಬ್ಬಿಣದ ನಡುವೆ ಒಂದು ಮೊಳೆಯನ್ನು ಹುಡುಕುವುದು ಹೇಗೆ? ಗಾಬರಿಯಲ್ಲಿ ಅಯಸ್ಕಾಂತ ಕೈಜಾರಿ ಪಟ್ಟಿಯೊಂದಕ್ಕೆ ನೇತುಬಿತ್ತು.

"ಅದೇನ್ ಸಾ?" ಎಂದ ಗಾರೆ ಮೇಸ್ತ್ರಿ.

"ಶಾಸ್ತ್ರ" ಎಂದೆ.

"ಕುದ್ರೆ ಲಾಳ ಒಸ್ಲಿಗೆ ಒಡ್ಯೋದು ಕಂಡಿದೀನಿ ಸಾ. ಕೆಂಪು ಬಣ್ಣ ಬಳ್ದು ನೇತಾಕೋದು ಇದೇ ಮೊದ್ಲು."

ಪುರೋಹಿತರು ಮಂತ್ರದ ನಡುವೆಯೇ ಒಂದು ಕಣ್ಣು ತೆರೆದು ನೋಡಿದರು. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾನು ಅಯಸ್ಕಾಂತ ಕಿತ್ತು ಜೇಬಿಗೆ ಸೇರಿಸಿದೆ. ಚೌಕಟ್ಟು ನಿಂತಿತು, ಪಕ್ಕಕ್ಕೆ ಇಟ್ಟಿಗೆ ಬಂತು, ನನ್ನ ಪುರಾವೆ ಗೋಡೆಯೊಳಗೆ ಸೇರಿತು.

ಆಮೇಲೆ ಮನೆ ಏಳುತ್ತಾ ಹೋದರೂ ನಾನು ಆ ಬಾಗಿಲು ದಾಟುವಾಗಲೆಲ್ಲ ಚೌಕಟ್ಟನ್ನು ಬೆರಳಿನಿಂದ ಬಡಿದು ನೋಡುತ್ತಿದ್ದೆ. ಅವ್ವನಿಗೆ ಕೊಟ್ಟ ಮಾತು. ಅವಳು ಯಾರದೋ ಕಾಡಿನ ಮರಕ್ಕೆ ಅರಿಸಿನ ಹಚ್ಚಿ ಕೈಮುಗಿಯುವುದನ್ನು ನೋಡಿಕೊಂಡು ಹೇಗಿರಲಿ? ಹೇಳಿದರೆ ಅವಳ ಎದೆ ಒಡೆಯುತ್ತದೆ ಎಂದು ಒಬ್ಬನೇ ನುಂಗಿಕೊಂಡೆ.

ಗೃಹಪ್ರವೇಶಕ್ಕೆ ಮೊದಲು ಒಂದು ಮಧ್ಯಾಹ್ನ ಶಾಲೆ ಬೇಗ ಬಿಟ್ಟಿತು. ಮುಂದಿನ ನೆಲಕ್ಕೆ ಹೊಸದಾಗಿ ಗಾರೆ ಬಳಿದಿದ್ದರಿಂದ ಹಿತ್ತಲ ಕಡೆಯಿಂದ ಬಂದೆ. ಹಿಂಬಾಗಿಲ ಚೌಕಟ್ಟು, ಯಾವ ಮರವಾದರೂ ಸಾಕೆಂದು ಆಚಾರರಿಗೇ ಬಿಟ್ಟಿದ್ದು, ನಾನು ಶಾಲೆಯಲ್ಲಿದ್ದಾಗ ಯಾವತ್ತೋ ನಿಲ್ಲಿಸಿದ್ದು. ಅದಕ್ಕೆ ಪೂಜೆ ಇಲ್ಲ, ಪುರೋಹಿತರಿಲ್ಲ, ಆದ್ದರಿಂದ ನನ್ನ ಅನುಮಾನವೂ ಅತ್ತ ಹೋಗಿರಲಿಲ್ಲ. ಅವ್ವ ಅಲ್ಲಿ ನಿಂತು ಚೌಕಟ್ಟಿನ ಹೊರಮೈಗೆ ಬಡಿದಿದ್ದ ಒಂದು ಕೊಕ್ಕೆಗೆ ಹಗ್ಗ ಕಟ್ಟುತ್ತಿದ್ದಳು. ಕೊಕ್ಕೆಯ ಪಕ್ಕದಲ್ಲಿ, ಅವಳ ಭುಜದ ಎತ್ತರಕ್ಕೆ, ಕಣ್ಣಿನಾಕಾರದ ಕರಿ ಕಲೆ.

ಇನ್ನೂ ಹಿಂದಿರುಗಿಸದ ಅಯಸ್ಕಾಂತವನ್ನು ಚೀಲದಿಂದ ತೆಗೆದು ಕಲೆಗೆ ಇಟ್ಟೆ. ಟಕ್.

"ಸಮಾದಾನ ಆಯ್ತಾ?" ಎಂದಳು ಅವ್ವ, ಗಂಟು ಬಿಗಿಯುತ್ತಲೇ.

"ಹಾಗಾದರೆ ಮುಂದಿನದು?"

"ಹೊನ್ನೆ. ನಿನ್ ಚಿಕ್ಕವ್ವನ ಮನೆ ಅಟ್ಟದ ಮ್ಯಾಲೆ ಬಿದ್ದಿತ್ತು. ಆಚಾರ್ರಿಗೆ ನಾನೇ ಏಳಿ ಬಂದೆ."

"ಮುಂಬಾಗಿಲಿಗೆ ಹಾಕಿಸ್ತೀನಿ ಅಂದಾಗ ಸುಮ್ಮನಿದ್ದೆಯಲ್ಲವ್ವಾ!"

"ನಿನ್ ಮುಂಬಾಗ್ಲಲ್ಲಿ ನಾನ್ಯಾವಾಗ್ಲಾ ಓಡಾಡ್ತೀನಿ? ನೆಂಟ್ರು ಬಂದ್ರೆ ಬಾಗ್ಲು ತೆಗ್ಯಾಳು ನಿನ್ನೆಂಡ್ತಿ. ನಂದೆಲ್ಲಾ ಇಲ್ಲೇಯ. ಬಾವಿ, ಒಗೆಯಾ ಕಲ್ಲು, ಹಸ. ಮುಂಬಾಗ್ಲಿಗೆ ಒದ್ದೆ ಬಟ್ಟೆ ಹಗ್ಗ ಕಟ್ಟಿದ್ರೆ ನೀನು ಸುಮ್ಕಿರ್ತಿದ್ದಾ?"

"ಹೇಳಬಹುದಿತ್ತಲ್ಲ."

"ಏಳಿದ್ರೆ ನೀನು, ಕಬ್ಬಿಣ ಇರೋ ಮರ ಹಿಂಬಾಗ್ಲಿಗೆ ಆಯ್ತದಾ ಅಂತ ಊರೆಲ್ಲಾ ಕೇಳ್ಕಂಡು ಬತ್ತಿದ್ದೆ. ಅಷ್ಟರಾಗೆ ಆ ಮರಕ್ಕೆ ಗೆದ್ಲು ಹತ್ತಿರೋದು."

ಅಡುಗೆಮನೆಯ ಕಿಟಕಿಯಿಂದ ಹೆಂಡತಿಯ ನಗು ಕೇಳಿಸಿತು. ಅಂದರೆ ಅವಳಿಗೂ ಗೊತ್ತು. ಮೇಸ್ತ್ರಿಗೆ ಗೊತ್ತಿರಲೇಬೇಕು, ಕಲೆಯ ಮೈ ಹೊರಕ್ಕೆ ಬರುವ ಹಾಗೆ ಚೌಕಟ್ಟು ನಿಲ್ಲಿಸಿದವನು ಅವನೇ. ದಿನವಿಡೀ ಊಟ ಮಾಡುತ್ತಿದ್ದ ಆಚಾರರು ಅವ್ವನಿಗೆ ಕೊಟ್ಟ ಮಾತು ಉಳಿಸಿಕೊಳ್ಳಲು ನನ್ನಿಂದ ತಪ್ಪಿಸಿಕೊಳ್ಳುತ್ತಿದ್ದರು. ಮರ ಬದಲಾಗಿದೆ ಎಂಬ ನನ್ನ ಅನುಮಾನ ನೂರಕ್ಕೆ ನೂರು ನಿಜವಾಗಿತ್ತು. ಜೀವನದಲ್ಲಿ ಮೊದಲ ಸಲ ಒಂದು ಅನುಮಾನ ನಿಜವಾಗಿ, ಅದರಿಂದ ನನಗೆ ಮೂರು ಕಾಸಿನ ಉಪಯೋಗವೂ ಆಗಲಿಲ್ಲ.

ಅವ್ವ ಹಗ್ಗದ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟು, "ಆ ತೆಂಗಿನ ಮರಕ್ಕೆ ಕಟ್ಟು, ಬಿಗಿಯಾಗಿ" ಎಂದಳು. ಕಟ್ಟಿದೆ. ಅವಳು ಎಳೆದು ನೋಡಿದಳು, ನನ್ನ ಗಂಟಿನ ಮೇಲೆ ಅನುಮಾನವಿದ್ದವಳ ಹಾಗೆ. ಆಮೇಲೆ ಒಂದು ಕೈಯನ್ನು ಆ ಕಲೆಯ ಮೇಲಿಟ್ಟು, ಇನ್ನೊಂದರಲ್ಲಿ ಮೊದಲ ಒದ್ದೆ ಬಟ್ಟೆಯನ್ನು ಹಗ್ಗಕ್ಕೆ ಹಾಕಿದಳು.

ಈಗಲೂ ಬಂದವರು ಮುಂಬಾಗಿಲನ್ನು ಸವರಿ, "ನಿಮ್ಮ ಹಿತ್ತಲ ಹಲಸಿನದೇನು?" ಎಂದು ಕೇಳುತ್ತಾರೆ. ಇಲ್ಲ, ಹೊನ್ನೆ ಎನ್ನುತ್ತೇನೆ. ಹೇಳಿದ ಮೇಲೆ ನಾನೂ ಒಮ್ಮೆ ಸವರಿ ನೋಡುತ್ತೇನೆ. ಚಿಕ್ಕಮ್ಮನ ಅಟ್ಟದ ಮೇಲೆ ಇದ್ದದ್ದು ಹೊನ್ನೆಯೇ ಎಂದು ಹತ್ತಿ ನೋಡಿದವರು ಯಾರು?